ಇಂಜೆಕ್ಷನ್ ಕಿತ್ತು ಕಾರ್ಬುರೇಟರ್ ಕೂರಿಸಿದವರು: ಟ್ರಯಂಫ್ ಟಿಆರ್6 ಪುರಾಣ

(ಬೆಂಗಳೂರಿನಲ್ಲಿ ಹಳೆ ಕಾರುಗಳ ಆಸಕ್ತರ ಒಂದು ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಜಾಸ್ತಿ ತಿದ್ದಲು ಹೋಗಿಲ್ಲ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2020ರ ಏಪ್ರಿಲ್‌ನಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದಮೇಲೆ ನಮ್ಮಲ್ಲಿ ನೂರು ಸಿಸಿ ಬೈಕಿಗೂ ಫ್ಯುಯಲ್ ಇಂಜೆಕ್ಷನ್, ಅಂದರೆ ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ವ್ಯವಸ್ಥೆ, ಬಂತು. ಗಾಳಿಯ ಎಳೆತದಿಂದಲೇ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಕಾರುಗಳಲ್ಲಂತೂ ಯಾವತ್ತೋ ಹೋಯಿತು. ಹೀಗಿರುವಾಗ, ಕಂಪನಿಯಿಂದಲೇ ಇಂಜೆಕ್ಷನ್ ಹಾಕಿಸಿಕೊಂಡು ಬಂದ ಸ್ಪೋರ್ಟ್ಸ್ ಕಾರಿನಿಂದ ಅದನ್ನು ಬಿಚ್ಚಿ ಕಾರ್ಬುರೇಟರ್ ಕೂರಿಸುತ್ತಾರೆ ಅಂದರೆ ತಲೆ ಕೆಟ್ಟಿದೆಯಾ ಅನ್ನಿಸುತ್ತದೆ, ಅಲ್ವಾ? ಆದರೆ ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಇದನ್ನು ಮಾಡಿದವರು ಒಬ್ಬಿಬ್ಬರಲ್ಲ. ಪೋರ್ಷೆ 911, ಡಾಟ್ಸನ್ 280ಝಡ್, ಬಿಎಂಡಬ್ಲ್ಯು 2002 ಟಿಐಐ, ಆಲ್ಫಾ ರೋಮಿಯೋ ಸ್ಪೈಡರ್, ಎಲ್ಲದಕ್ಕೂ ಈ ಆಪರೇಷನ್ ಆಗಿದೆ. ಎಲ್ಲವನ್ನೂ ಹೇಳುತ್ತಾ ಹೋದರೆ ಯಾವುದೂ ತಲೆಗೆ ಹತ್ತುವುದಿಲ್ಲ. ಹಾಗಾಗಿ ಒಂದೇ ಕಾರು ಹಿಡಿದುಕೊಳ್ಳುತ್ತೇನೆ. ಟ್ರಯಂಫ್ ಟಿಆರ್6. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿ ಕೆಲಸದಲ್ಲಿದ್ದಾಗ ರಜಾ ದಿನಗಳಲ್ಲಿ ನಾನು ಜಾಸ್ತಿ ಕೈ ಕೊಳೆ ಮಾಡಿಕೊಂಡದ್ದು ಈ ಕಾರಿನ ಬಾನೆಟ್ ಕೆಳಗೇ.

ಟ್ರಯಂಫ್ ನಮಗೆ ತೀರಾ ಅಪರಿಚಿತ ಏನಲ್ಲ. ನಮ್ಮ ರಸ್ತೆಗಳಲ್ಲಿ ಓಡಾಡುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಮದ್ರಾಸಿನಲ್ಲಿ ತಯಾರಾಗುತ್ತಿತ್ತು. ಅದು ಮೂಲದಲ್ಲಿ ಟ್ರಯಂಫ್ ಹೆರಾಲ್ಡ್. ಅದರ ರೂಪ ಬಿಡಿಸಿದವರು ಇಟಲಿಯ ಜಿಯೋವಾನಿ ಮಿಕೆಲೊಟ್ಟಿ. ಟಿಆರ್4, ಟಿಆರ್5 ಬಿಡಿಸಿದವರೂ ಅವರೇ. ಅದೇ ಕಾರಿನ ಮೂತಿ, ಹಿಂಭಾಗ ಬದಲಾಯಿಸಿ ಜರ್ಮನಿಯ ಕಾರ್ಮನ್ ಕಂಪನಿ ಟಿಆರ್6 ಮಾಡಿಕೊಟ್ಟಿತು. ಹಾಗಾಗಿ ಹೆರಾಲ್ಡ್ ಓಡಿಸಿದವರು ಟಿಆರ್6 ಅನ್ನು ದೂರದ ನೆಂಟ ಅಂತ ಕರೆಯಬಹುದು.

ಇಂಜೆಕ್ಷನ್ ಬಂದದ್ದು 1967ರಲ್ಲಿ, ಟಿಆರ್5 ಜೊತೆ. 2498 ಸಿಸಿ, ಸಾಲಾಗಿ ಆರು ಸಿಲಿಂಡರ್, 150 ಬಿಎಚ್‌ಪಿ ಅಂತ ಕಂಪನಿಯ ಲೆಕ್ಕ. ಅದೇ ಎಂಜಿನ್, ಅದೇ ಇಂಜೆಕ್ಷನ್ ಆಮೇಲೆ ಟಿಆರ್6ಗೂ ಬಂತು. ಬ್ರಿಟನ್ನಿನಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಸ್ಪೋರ್ಟ್ಸ್ ಕಾರಿಗೆ ಪೆಟ್ರೋಲ್ ಇಂಜೆಕ್ಷನ್ ಕೊಟ್ಟದ್ದು ಇದರಲ್ಲೇ ಮೊದಲು. ಮಾಡಿಕೊಟ್ಟದ್ದು ಲ್ಯೂಕಾಸ್, ಕಾರಿನ ವಿದ್ಯುತ್ ಸಾಮಾನು ಮಾಡುತ್ತಿದ್ದ ಇಂಗ್ಲಿಷ್ ಕಂಪನಿ. ಲ್ಯೂಕಾಸ್ ಅಂದ ಕೂಡಲೇ ಹಳೆ ಕಾರಿನವರು ನಗುತ್ತಾರೆ. ಕತ್ತಲೆಯ ರಾಜಕುಮಾರ ಅಂತ ಇಂಗ್ಲಿಷರೇ ಅಡ್ಡಹೆಸರು ಇಟ್ಟಿದ್ದಾರೆ. ಆದರೆ ಅದೇ 1967ರ ಜೂನ್‌ನಲ್ಲಿ ಹಾಲೆಂಡಿನ ಝಾಂಡ್‌ವೋರ್ಟ್‌ನಲ್ಲಿ ಜಿಮ್ ಕ್ಲಾರ್ಕ್ ಲೋಟಸ್ 49 ಓಡಿಸಿ ಗೆದ್ದರಲ್ಲ, ಆ ಕಾರಿನ ಕಾಸ್‌ವರ್ತ್ ಡಿಎಫ್‌ವಿ ಎಂಜಿನ್ನಿಗೂ ಪೆಟ್ರೋಲ್ ಉಣಿಸುತ್ತಿದ್ದದ್ದು ಲ್ಯೂಕಾಸ್ ಮೆಕ್ಯಾನಿಕಲ್ ಇಂಜೆಕ್ಷನ್ನೇ. ಡಿಎಫ್‌ವಿ ಆಮೇಲೆ ಎಷ್ಟು ವರ್ಷ ಫಾರ್ಮುಲಾ ಒನ್ ಆಳಿತು ಅಂತ ನಿಮಗೆ ಗೊತ್ತು. ಅಂದರೆ ಮೂಲ ವಿಚಾರದಲ್ಲಿ ಹುಳುಕು ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಅಮೆರಿಕಕ್ಕೆ ಹೋದ ಕಾರಿಗೆ ಮಾತ್ರ ಟ್ರಯಂಫ್ ಇಂಜೆಕ್ಷನ್ ಕೊಡಲಿಲ್ಲ. ಅಲ್ಲಿ ಹೊಗೆಯ ಕಾನೂನು ಬಂದಿತ್ತು, ಬೆಲೆಯನ್ನೂ ಕೆಳಗೆ ಇಡಬೇಕಿತ್ತು. ಎರಡು ಸ್ಟ್ರೋಂಬರ್ಗ್ ಕಾರ್ಬುರೇಟರ್ ಹಾಕಿ ಟಿಆರ್250 ಅಂತ ಹೆಸರಿಟ್ಟು ಕಳಿಸಿದರು. ಆಮೇಲೆ ಅಮೆರಿಕದ ಟಿಆರ್6 ಕೂಡ ಹಾಗೇ. ಈಗ ತಮಾಷೆ ನೋಡಿ. ಅದೇ ಅಮೆರಿಕ, ಅದೇ ಹೊಗೆಯ ಕಾನೂನು. ಆಲ್ಫಾ ರೋಮಿಯೋದವರು ಪೂರ್ತಿ ಉಲ್ಟಾ ಮಾಡಿದರು. ಯುರೋಪಿನಲ್ಲಿ ಕಾರ್ಬುರೇಟರ್ ಕಾರು ಮಾರಿ, ಅಮೆರಿಕಕ್ಕೆ ಇಟಲಿಯದೇ ಸ್ಪೀಕಾ ಕಂಪನಿಯ ಇಂಜೆಕ್ಷನ್ ಇದ್ದ ಕಾರು ಕಳಿಸಿದರು. ಸ್ಪೀಕಾ ಪಂಪ್ ಡೀಸೆಲ್ ಪಂಪಿನ ವಂಶದ್ದು. ನಮ್ಮ ಮೈಕೋ ಪಂಪ್ ಬಿಚ್ಚಿ ನೋಡಿದವರಿಗೆ ಅದು ಅರ್ಥವಾಗುತ್ತದೆ. ಹಾಗಾಗಿ ಇಂಗ್ಲೆಂಡಿನಲ್ಲಿ ಟ್ರಯಂಫ್‌ನವರು, ಅಮೆರಿಕದಲ್ಲಿ ಆಲ್ಫಾದವರು ಇಂಜೆಕ್ಷನ್ ಬಿಚ್ಚುತ್ತಾ ಕೂತರು. ಇಂಜೆಕ್ಷನ್ ಆಧುನಿಕ, ಕಾರ್ಬುರೇಟರ್ ಹಳೆಯದು ಅನ್ನುವ ಸರಳ ಲೆಕ್ಕ ಆ ಕಾಲಕ್ಕೆ ಹೊಂದುವುದಿಲ್ಲ.

ಸರಿ, ಈ ಲ್ಯೂಕಾಸ್ ಯಂತ್ರ ಹೇಗೆ ಕೆಲಸ ಮಾಡುತ್ತದೆ? ಇದರಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಎಲ್ಲವೂ ಲೋಹ, ಸ್ಪ್ರಿಂಗ್, ರಬ್ಬರ್.

ಡಿಕ್ಕಿಯಲ್ಲಿ ಟ್ಯಾಂಕಿನ ಹತ್ತಿರ ಒಂದು ವಿದ್ಯುತ್ ಪಂಪ್. ಅದರ ಮೋಟಾರು ಲ್ಯೂಕಾಸ್‌ನ ವೈಪರ್ ಮೋಟಾರಿನಿಂದಲೇ ಹುಟ್ಟಿದ್ದು. ಅದು ಪೆಟ್ರೋಲನ್ನು ಸುಮಾರು 106 ಪಿಎಸ್‌ಐ ಒತ್ತಡಕ್ಕೆ ಏರಿಸಬೇಕು. ಒಂದು ರಿಲೀಫ್ ವಾಲ್ವ್ ಆ ಒತ್ತಡವನ್ನು ಕಾಯ್ದುಕೊಂಡು ಹೆಚ್ಚಾದದ್ದನ್ನು ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ಉಳಿದದ್ದು ಉದ್ದದ ಪೈಪಿನಲ್ಲಿ ಮುಂದಕ್ಕೆ ಬಂದು, ಪೆಟ್ರೋಲನ್ನು ಅಳೆದು ಹಂಚುವ ಮೀಟರಿಂಗ್ ಯೂನಿಟ್ ಸೇರುತ್ತದೆ.

ಮೀಟರಿಂಗ್ ಯೂನಿಟ್ಟಿನೊಳಗೆ ಒಂದು ರೋಟರ್ ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುತ್ತದೆ. ರೋಟರ್ ನಡುವೆ ಉದ್ದಕ್ಕೆ ಒಂದು ರಂಧ್ರ, ಅದರಲ್ಲಿ ಚಿಕ್ಕ ಉಕ್ಕಿನ ಶಟಲ್. ಅದರ ಒಂದು ಕೊನೆಗೆ ಅಲುಗದ ತಡೆ, ಇನ್ನೊಂದು ಕೊನೆಗೆ ಹಿಂದೆ ಮುಂದೆ ಜರುಗುವ ತಡೆ. ರೋಟರ್ ತಿರುಗಿದ ಹಾಗೆ ಒತ್ತಡದ ಪೆಟ್ರೋಲ್ ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ನುಗ್ಗುತ್ತದೆ. ಮಗ್ಗದ ಲಾಳಿ ಹಾಗೆ ಶಟಲ್ ಅತ್ತಿಂದಿತ್ತ ಓಡುತ್ತದೆ. ಪ್ರತಿ ಓಟಕ್ಕೂ ತನ್ನ ಮುಂದಿದ್ದ ಪೆಟ್ರೋಲನ್ನು ಒಂದು ಇಂಜೆಕ್ಟರ್‌ಗೆ ತಳ್ಳುತ್ತದೆ. ಎಂಜಿನ್ 3000 ಆರ್‌ಪಿಎಂನಲ್ಲಿ ಇದ್ದರೆ ರೋಟರ್ ಸೆಕೆಂಡಿಗೆ 25 ಸುತ್ತು, ಸುತ್ತಿಗೆ ಆರು ಗುಟುಕು. ಸೆಕೆಂಡಿಗೆ 150 ಓಟ! ತಳ್ಳುವುದಕ್ಕೆ ಬೇರೆ ಪ್ಲಂಜರ್ ಇಲ್ಲ, ಪೆಟ್ರೋಲಿನ ಒತ್ತಡವೇ ಕೂಲಿ ಆಳು. ನನಗೆ ಈಗಲೂ ಇದು ಬೆರಗು ಹುಟ್ಟಿಸುತ್ತದೆ.

ಗುಟುಕು ಎಷ್ಟು ದೊಡ್ಡದಿರಬೇಕು ಅಂತ ನಿರ್ಧರಿಸುವುದು ಆ ಜರುಗುವ ತಡೆ. ಅದನ್ನು ಜರುಗಿಸುವುದು ಮ್ಯಾನಿಫೋಲ್ಡಿನ, ಅಂದರೆ ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗಳ, ವ್ಯಾಕ್ಯೂಮ್ (ನಿರ್ವಾತದ ಎಳೆತ). ಆಕ್ಸಲರೇಟರ್ ಬಿಟ್ಟಾಗ ವ್ಯಾಕ್ಯೂಮ್ ಜೋರು, ಡಯಾಫ್ರಂ (ತೆಳು ಪೊರೆ) ಎಳೆಯುತ್ತದೆ, ಶಟಲ್ ಓಡುವ ಜಾಗ ಚಿಕ್ಕದಾಗುತ್ತದೆ, ಪೆಟ್ರೋಲ್ ಕಡಿಮೆ. ಪೂರ್ತಿ ತುಳಿದಾಗ ವ್ಯಾಕ್ಯೂಮ್ ಇಲ್ಲ, ತಡೆ ಹಿಂದೆ ಸರಿಯುತ್ತದೆ, ಗುಟುಕು ದೊಡ್ಡದು. ಅಷ್ಟೇ. ಗಾಳಿಯನ್ನು ಯಾರೂ ಅಳೆಯುತ್ತಿಲ್ಲ, ವ್ಯಾಕ್ಯೂಮ್ ನೋಡಿ ಅಂದಾಜು ಮಾಡುತ್ತಿದ್ದಾರೆ.

ಇಲ್ಲೇ ಇರುವುದು ಸೂಕ್ಷ್ಮ. ಕಾರ್ಬುರೇಟರ್ ಕಾರಿನಲ್ಲಿ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿ ಗಾಳಿ ಒಳಗೆ ನುಗ್ಗಿದರೆ ಏನಾಗುತ್ತದೆ? ಮಿಶ್ರಣ ತೆಳುವಾಗುತ್ತದೆ. ಪೆಟ್ರೋಲ್ ಸಾಲದು. ಲ್ಯೂಕಾಸ್ ಇಂಜೆಕ್ಷನ್ ಕಾರಿನಲ್ಲಿ ಅದೇ ಸೋರಿಕೆ ಆದರೆ ವ್ಯಾಕ್ಯೂಮ್ ಬೀಳುತ್ತದೆ. ಮೀಟರಿಂಗ್ ಯೂನಿಟ್ "ಓಹೋ, ಡ್ರೈವರ್ ಜೋರಾಗಿ ತುಳಿಯುತ್ತಿದ್ದಾನೆ" ಅಂದುಕೊಂಡು ಪೆಟ್ರೋಲ್ ಸುರಿಯುತ್ತದೆ. ಕಪ್ಪು ಹೊಗೆ, ಪ್ಲಗ್ ಮಸಿ. ಕಾರ್ಬುರೇಟರ್‌ನಲ್ಲಿ ಇಪ್ಪತ್ತು ವರ್ಷ ಪಳಗಿದ ಮೆಕ್ಯಾನಿಕ್ ಕಪ್ಪು ಹೊಗೆ ನೋಡಿದರೆ ಗಾಳಿ ಸೋರಿಕೆ ಹುಡುಕುವುದೇ ಇಲ್ಲ. ಅವನ ಕೈ ನೇರ ಮೀಟರಿಂಗ್ ಯೂನಿಟ್ಟಿನ ಸ್ಕ್ರೂಗೆ ಹೋಗುತ್ತದೆ. ಅದನ್ನು ಒಮ್ಮೆ ಅಲುಗಿಸಿದರೆ ಕಥೆ ಮುಗಿಯಿತು. ಅಳತೆಯ ಬೆಂಚ್ ಇಲ್ಲದೆ ಅದನ್ನು ಮೊದಲಿನ ಸ್ಥಿತಿಗೆ ತರುವುದು ಬಹಳ ಕಷ್ಟ.

ಎರಡನೇ ತೊಂದರೆ ಪಂಪ್. ಒಂದು ವೈಪರ್ ಮೋಟಾರಿನ ಸಂತಾನವನ್ನು ಕಾರು ಓಡುವಷ್ಟು ಹೊತ್ತೂ 106 ಪಿಎಸ್‌ಐ ವಿರುದ್ಧ ದುಡಿಸಿದರೆ ಅದು ಬಿಸಿಯಾಗದೆ ಇರುತ್ತದಾ? ಬಿಸಿಯಾಗುತ್ತದೆ. ಪಂಪಿನ ಬಿಸಿ ಪೆಟ್ರೋಲಿಗೆ ಇಳಿಯುತ್ತದೆ. ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಬರುತ್ತದಲ್ಲ, ಅದು ಟ್ಯಾಂಕನ್ನೂ ನಿಧಾನಕ್ಕೆ ಬಿಸಿ ಮಾಡುತ್ತದೆ. ಟ್ಯಾಂಕ್ ತುಂಬಿದ್ದರೆ ತೊಂದರೆ ಇಲ್ಲ. ಕಾಲು ಭಾಗಕ್ಕೆ ಇಳಿದಿದ್ದು, ಬೇಸಿಗೆಯೂ ಆಗಿದ್ದು, ಟ್ರಾಫಿಕ್‌ನಲ್ಲಿ ನಿಂತಿದ್ದರೆ ಪೆಟ್ರೋಲ್ ಪಂಪಿನೊಳಗೇ ಆವಿಯಾಗುತ್ತದೆ. ಪಂಪ್ ಕಿರುಚುತ್ತದೆ, ಒತ್ತಡ ಬೀಳುತ್ತದೆ, ಎಂಜಿನ್ ಮಿಸ್ಸಿಂಗ್ ಹೊಡೆದು ನಿಂತುಬಿಡುತ್ತದೆ. ಆಗ ಇಂಗ್ಲೆಂಡಿನ ಟ್ರಯಂಫ್ ಮಾಲೀಕರು ಏನು ಮಾಡುತ್ತಿದ್ದರು ಅಂದರೆ, ಹತ್ತಿರದ ಅಂಗಡಿಯಿಂದ ಹೆಪ್ಪುಗಟ್ಟಿದ ಬಟಾಣಿಯ ಪ್ಯಾಕೆಟ್ ತಂದು ಪಂಪಿನ ಮೇಲೆ ಇಡುತ್ತಿದ್ದರು. ಜೋಕ್ ಅಲ್ಲ. ಟ್ರಯಂಫ್ ಇಂಜೆಕ್ಷನ್ ಮಾತು ಬಂದಲ್ಲೆಲ್ಲ ಆ ಬಟಾಣಿ ಇವತ್ತಿಗೂ ಬರುತ್ತದೆ. ಇನ್ನು ಕೆಲವರು ಪಂಪಿನ ಸುತ್ತ ತಾಮ್ರದ ಕೊಳವೆ ಸುತ್ತಿ ಅದರೊಳಗೆ ಪೆಟ್ರೋಲ್ ಹರಿಸಿ ತಂಪು ಮಾಡುತ್ತಿದ್ದರು.

ಒಮ್ಮೆ ಗಾಳಿ ಹೊಕ್ಕರೆ ಇನ್ನೊಂದು ಕಾಟ. ಇಂಜೆಕ್ಟರ್ ಪೈಪಿನಲ್ಲಿ ಗುಳ್ಳೆ ಸಿಕ್ಕಿಕೊಂಡರೆ ಆ ಸಿಲಿಂಡರ್ ಸತ್ತ ಹಾಗೆ. ಆ ಇಂಜೆಕ್ಟರನ್ನು ಹೊರಗೆ ಎಳೆದು ಗುಳ್ಳೆ ಬಿಡಿಸಬೇಕು.

ಹೀಗಾಗಿ ಎಪ್ಪತ್ತರ, ಎಂಬತ್ತರ ದಶಕದಲ್ಲಿ ಟಿಆರ್6 ಸೆಕೆಂಡ್ ಹ್ಯಾಂಡ್ ಆಗಿ ಅಗ್ಗವಾದಾಗ ಕೊಂಡವರಿಗೆ ಎರಡೇ ದಾರಿ ಕಂಡಿತು. ಇಂಜೆಕ್ಷನ್ ಗೊತ್ತಿದ್ದ ಅಪರೂಪದ ಮನುಷ್ಯನನ್ನು ಹುಡುಕುವುದು, ಇಲ್ಲವೇ ಬೀದಿಯ ಮೂಲೆಯ ಗ್ಯಾರೇಜಿಗೆ ಗೊತ್ತಿದ್ದ ಕಾರ್ಬುರೇಟರ್ ಹಾಕಿಸುವುದು. ಕಂಪನಿಯೇ ದಾರಿ ತೋರಿಸಿತ್ತು ಅನ್ನಿ. ಇದೇ ಎಂಜಿನ್, ಇದೇ ಇಂಜೆಕ್ಷನ್ ಇದ್ದ 2.5 ಪಿಐ ಎನ್ನುವ ನಾಲ್ಕು ಬಾಗಿಲ ಕಾರನ್ನು ಟ್ರಯಂಫ್ 1968ರಲ್ಲಿ ತಂದಿತ್ತು. 1975ರ ಹೊತ್ತಿಗೆ ಅದನ್ನು ನಿಲ್ಲಿಸಿ, ಅವಳಿ ಕಾರ್ಬುರೇಟರ್ ಇದ್ದ 2500 ಕಾರುಗಳನ್ನೇ ಮುಂದುವರಿಸಿತು. ಇದು ಬಡವರ ಕಾರಿನ ರೋಗ ಅಂತ ತಿಳಿಯಬೇಡಿ. ಮಸೆರಾಟಿ 3500 ಜಿಟಿಐ ಕಾರಿಗೂ ಲ್ಯೂಕಾಸ್ ಇಂಜೆಕ್ಷನ್ನೇ ಇತ್ತು. ಅವುಗಳಲ್ಲೂ ಬಹಳಷ್ಟು ಕಾರುಗಳು ವೆಬರ್ ಕಾರ್ಬುರೇಟರ್ ಹಾಕಿಸಿಕೊಂಡವು.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಕೆಲವರಿಗೆ ಇದು ರುಚಿಸುವುದಿಲ್ಲ. ಬಿಚ್ಚಿ ಎಸೆದ ಇಂಜೆಕ್ಷನ್‌ಗಳಲ್ಲಿ ಬಹುಪಾಲಿಗೆ ರೋಗ ಇದ್ದದ್ದು ಪಂಪಿನಲ್ಲಿ, ವೈರಿಂಗಿನಲ್ಲಿ, ಗಾಳಿಯ ಬಾಗಿಲು (ಥ್ರಾಟಲ್) ತೆರೆಯುವ ಸವೆದ ಲಿಂಕೇಜಿನಲ್ಲಿ. ಮೀಟರಿಂಗ್ ಯೂನಿಟ್ ಸುಮ್ನೆ ಬೈಸಿಕೊಂಡಿತು. ಇವತ್ತು ಆ ಲ್ಯೂಕಾಸ್ ಪಂಪ್ ತೆಗೆದು ಬಾಷ್ ಪಂಪ್ ಹಾಕಿದರೆ ಅರ್ಧ ತಲೆನೋವು ಹೋಗುತ್ತದೆ. ಬಾಷ್ ಪಂಪಿನೊಳಗೆ ಪೆಟ್ರೋಲ್ ಹರಿದೇ ಮೋಟಾರು ತಂಪಾಗುತ್ತದೆ. ಅದನ್ನು ಟ್ಯಾಂಕಿಗಿಂತ ಕೆಳಗೆ ಕೂರಿಸಿ ಪೆಟ್ರೋಲ್ ತಾನಾಗಿ ಇಳಿದು ಬರುವ ಹಾಗೆ ಮಾಡಬೇಕು, ಮುಂದೆ ಒಳ್ಳೆಯ ಫಿಲ್ಟರ್ ಇಡಬೇಕು.

ಆದ್ದರಿಂದ ಕಾರ್ಬುರೇಟರ್ ಕೊಳ್ಳುವ ಮೊದಲು ಒಂದು ಮಧ್ಯಾಹ್ನ ಪರೀಕ್ಷೆಗೆ ಇಡಿ. ಪೆಟ್ರೋಲ್ ಲೈನಿಗೆ ಒತ್ತಡದ ಗೇಜ್ ಹಾಕಿ. ಎಂಜಿನ್ ಬಿಸಿಯಾಗಲಿ, ಹೆಡ್‌ಲೈಟ್ ಹಾಕಿ, ಹೀಟರ್ ಫ್ಯಾನ್ ಹಾಕಿ. ಗೇಜಿನ ಮುಳ್ಳು ಕೆಳಗೆ ಜಾರುತ್ತದಾ ನೋಡಿ. ಜಾರಿದರೆ ಪಂಪಿನ ತುದಿಯಲ್ಲೇ ವೋಲ್ಟೇಜ್ ಅಳೆಯಿರಿ. ಬ್ಯಾಟರಿ ಹತ್ತಿರ ಅಳೆದರೆ ಪ್ರಯೋಜನ ಇಲ್ಲ. ಮುಂದಿನ ಬ್ಯಾಟರಿಯಿಂದ ಹಿಂದಿನ ಡಿಕ್ಕಿಯವರೆಗೆ ಐವತ್ತು ವರ್ಷದ ತಂತಿ, ತುಕ್ಕು ಹಿಡಿದ ಅರ್ಥ್, ದಾರಿಯುದ್ದಕ್ಕೂ ವೋಲ್ಟೇಜ್ ಸೋರುತ್ತದೆ.

ಆಮೇಲೆ ಆರು ಇಂಜೆಕ್ಟರ್ ಪೈಪುಗಳನ್ನು ಒಂದೊಂದಾಗಿ ಎರಡು ಬೆರಳ ನಡುವೆ ಹಿಡಿಯಿರಿ. ಕೆಲಸ ಮಾಡುವ ಪೈಪಿನಲ್ಲಿ ನಾಡಿ ಮಿಡಿಯುವುದು ಬೆರಳಿಗೆ ಗೊತ್ತಾಗುತ್ತದೆ. ಒಂದರಲ್ಲಿ ಮಿಡಿತ ಇಲ್ಲ ಅಂದರೆ ಆ ಇಂಜೆಕ್ಟರ್ ಕಡೆ ನೋಡಿ. ಮೀಟರಿಂಗ್ ಯೂನಿಟ್ಟಿನ ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಾಯಿಂದ ಎಳೆದು, ನಾಲಿಗೆಯಿಂದ ಮುಚ್ಚಿ ಹಿಡಿಯಿರಿ. ನಾಲಿಗೆ ಅಂಟಿಕೊಂಡೇ ಇದ್ದರೆ ಡಯಾಫ್ರಂ ಚೆನ್ನಾಗಿದೆ. ಬಿಟ್ಟುಕೊಂಡರೆ ಹರಿದಿದೆ, ಕಪ್ಪು ಹೊಗೆಗೆ ಕಾರಣ ಅಲ್ಲೇ ಸಿಕ್ಕಿತು. ಕೊನೆಗೆ ಆಯಿಲ್ ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಹೊಡೆದರೆ ಮೀಟರಿಂಗ್ ಯೂನಿಟ್ಟಿನ ಸೀಲ್ ಹೋಗಿ ಪೆಟ್ರೋಲ್ ಎಂಜಿನ್ ಆಯಿಲಿನ ತೊಟ್ಟಿಗೆ ಇಳಿಯುತ್ತಿದೆ ಅಂತ. ಹಾಗಿದ್ದರೆ ಎಂಜಿನ್ ಓಡಿಸಬೇಡಿ, ಬೇರಿಂಗ್ ಹಾಳಾಗುತ್ತದೆ. ಈಗಿನ ಎಥನಾಲ್ ಪೆಟ್ರೋಲಿಗೆ ಹಳೆ ರಬ್ಬರ್ ತಡೆಯುವುದಿಲ್ಲ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಮಾಮೂಲಿ ಪೆಟ್ರೋಲ್ ಅಂದರೆ ಇ10, ಶೇಕಡಾ ಹತ್ತರವರೆಗೆ ಎಥನಾಲ್ ಬೆರೆತದ್ದು. ಸೀಲ್ ಹಾಕಿಸುವಾಗ ವಿಟಾನ್ ಸೀಲ್ ಅಂತ ಕೇಳಿ ಹಾಕಿಸಿ.

ನನಗೆ ಗೊತ್ತಿದ್ದ ಒಬ್ಬರು ಮೂರು ವೆಬರ್ ಕೊಂಡು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬಂದಿದ್ದರು. ಇಂಜೆಕ್ಷನ್ ಸತ್ತಿದೆ ಅಂತ ಗ್ಯಾರೇಜಿನವರು ಹೇಳಿದ್ದರಂತೆ. ಪಂಪಿನ ತುದಿಯಲ್ಲಿ ಅಳೆದರೆ ಹತ್ತೂವರೆ ವೋಲ್ಟ್. ದಪ್ಪ ತಂತಿ, ಒಂದು ರಿಲೇ, ಹೊಸ ಅರ್ಥ್ ಹಾಕಿದ ಮೇಲೆ ಕಾರು ಸೊಗಸಾಗಿ ಓಡಿತು. ಅವರು ಬಹಳ ಸಂತೋಷಪಟ್ಟರು. ಆಮೇಲೂ ವೆಬರ್ ಹಾಕಿಸಿದರು. ಆ ಸದ್ದು ಬೇಕಂತೆ! ಅದಕ್ಕೆ ನಾನೇನು ಹೇಳಲಿ. ಸದ್ದಿಗೋಸ್ಕರ ಹಾಕಿಸುತ್ತೇನೆ ಅಂತ ನೇರವಾಗಿ ಹೇಳುವವರ ಮೇಲೆ ನನಗೆ ಗೌರವವಿದೆ.

ಹಾಗಾದರೆ ನಿಜವಾಗಿ ಬದಲಾಯಿಸಬೇಕಾದ ಸಂದರ್ಭ ಯಾವುದು? ಇಂಜೆಕ್ಷನ್ ಭಾಗಗಳು ಆಗಲೇ ಕಳೆದುಹೋಗಿದ್ದರೆ. ಮೀಟರಿಂಗ್ ಯೂನಿಟ್ ಸವೆದು, ಅದನ್ನು ಬೆಂಚಿನ ಮೇಲೆ ಕೂರಿಸಿ ಸರಿಮಾಡುವವರು ನೀವಿರುವ ದೇಶದಲ್ಲೇ ಇಲ್ಲದಿದ್ದರೆ. ಎಂಜಿನ್ನಿನ ಕ್ಯಾಮ್‌ಶಾಫ್ಟ್ (ವಾಲ್ವುಗಳನ್ನು ತೆರೆಸುವ ದಂಡ), ಹೆಡ್ ಎಲ್ಲ ಬದಲಾಗಿ ಹಳೆಯ ಇಂಧನ ಲೆಕ್ಕ ಹೊಂದದಿದ್ದರೆ. ಇವು ಸರಿಯಾದ ಕಾರಣಗಳು. ಇನ್ನು ಕಾರು ದೂರದ ಊರುಗಳಿಗೆ ಹೋಗುವುದಾದರೆ ದಾರಿಯಲ್ಲಿ ರಿಪೇರಿ ಆಗುವಂಥದ್ದು ಇರಲಿ ಅನ್ನುವುದೂ ನ್ಯಾಯವೇ.

ಆಯ್ಕೆಗಳು ಮುಖ್ಯವಾಗಿ ಎರಡು. ಒಂದು, ಅಮೆರಿಕದ ಟಿಆರ್‌ಗಳ ಸ್ಟ್ರೋಂಬರ್ಗ್ ಅಥವಾ 2500 ಕಾರಿನ ಎಸ್‌ಯು, ಎರಡರ ಜೋಡಿ. ನಮ್ಮ ಹಳೆ ಅಂಬಾಸಿಡರ್‌ಗಳಲ್ಲಿ ಎಸ್‌ಯು ನೋಡಿದವರಿಗೆ ಅದರ ಪಿಸ್ಟನ್, ಸೂಜಿ, ಮೇಲೆ ಹಾಕುವ ಆಯಿಲ್ ಎಲ್ಲ ಗೊತ್ತೇ ಇದೆ. ಎರಡು ಕಾರ್ಬ್ ಈ ಎಂಜಿನ್ನಿಗೆ ಚೆನ್ನಾಗಿ ಹೊಂದುವುದಕ್ಕೆ ಒಂದು ಕಾರಣವಿದೆ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಕ್ರಮ, 1-5-3-6-2-4. ಮುಂದಿನ ಮೂರು ಸಿಲಿಂಡರ್ ಒಂದು ಕಾರ್ಬಿಗೆ, ಹಿಂದಿನ ಮೂರು ಇನ್ನೊಂದಕ್ಕೆ. ಆರ್ಡರ್ ನೋಡಿ: ಮುಂದೆ, ಹಿಂದೆ, ಮುಂದೆ, ಹಿಂದೆ. ಹಾಗಾಗಿ ಪ್ರತಿ ಕಾರ್ಬಿಗೂ ಸಮ ಅಂತರದಲ್ಲಿ ಎಳೆತ ಬರುತ್ತದೆ. ಊಟ ಹಂಚಿಕೆಯಲ್ಲಿ ಜಗಳ ಇಲ್ಲ.

ಎರಡು, ಮೂರು ವೆಬರ್ 40 ಡಿಸಿಒಇ. ಪ್ರತಿ ಸಿಲಿಂಡರಿಗೂ ತನ್ನದೇ ಗಂಟಲು. ನೋಡಲು ಚೆಂದ, ಕೇಳಲು ಇನ್ನೂ ಚೆಂದ, ಜೇಬಿಗೆ ಭಾರ.

ಯಾವುದು ಬೇಕು ಅಂತ ನಿರ್ಧರಿಸುವ ಮೊದಲು ಕ್ಯಾಮ್‌ಶಾಫ್ಟ್ ಯಾವುದು ಅಂತ ತಿಳಿದುಕೊಳ್ಳಿ. 150 ಬಿಎಚ್‌ಪಿ ಕಾರಿನ ಕ್ಯಾಮ್‌ನ ಟೈಮಿಂಗ್ (ವಾಲ್ವುಗಳು ತೆರೆದು ಮುಚ್ಚುವ ಡಿಗ್ರಿಗಳು) 35-65-65-35. ಒಳಬರುವ ವಾಲ್ವೂ ಹೊರಹೋಗುವ ವಾಲ್ವೂ ಒಟ್ಟಿಗೆ 70 ಡಿಗ್ರಿ ತೆರೆದಿರುತ್ತವೆ. ಆಮೇಲೆ ಬಂದ 125 ಬಿಎಚ್‌ಪಿ ಕಾರಿನದು 18-58-58-18, ಅಂದರೆ 36 ಡಿಗ್ರಿ ಮಾತ್ರ. (150ರಿಂದ 125ಕ್ಕೆ ಇಳಿದದ್ದರಲ್ಲಿ ಸ್ವಲ್ಪ ಪಾಲು ಅಳೆಯುವ ವಿಧಾನ ಬದಲಾದದ್ದರಿಂದ. ಅಷ್ಟೂ ಕುದುರೆಗಳು ಓಡಿಹೋಗಲಿಲ್ಲ.) 70 ಡಿಗ್ರಿ ಕ್ಯಾಮ್ ಇದ್ದಾಗ ಸ್ಲೋ ರನ್ನಿಂಗ್‌ನಲ್ಲಿ ಸುಟ್ಟ ಗಾಳಿ ಮ್ಯಾನಿಫೋಲ್ಡಿಗೆ ವಾಪಸ್ ನುಗ್ಗುತ್ತದೆ. ಮೂರು ಸಿಲಿಂಡರ್ ಒಂದೇ ಕೊಳವೆ ಹಂಚಿಕೊಂಡಿದ್ದರೆ ಒಂದರ ಉಸಿರು ಇನ್ನೊಂದಕ್ಕೆ ಅಡ್ಡ ಬರುತ್ತದೆ. ಅದಕ್ಕೇ ಆ ಕ್ಯಾಮ್ ಜೊತೆ ಎಸ್‌ಯು ಹಾಕಿದರೆ ಐಡಲಿಂಗ್ ಒರಟಾಗುತ್ತದೆ. ವೆಬರ್ ಹಾಕಿದರೆ ಪ್ರತಿಯೊಂದರ ಗಂಟಲೂ ಬೇರೆ, ತೊಂದರೆ ಕಡಿಮೆ. ಸೌಮ್ಯ ಕ್ಯಾಮ್ ಇದ್ದು, ದಿನವೂ ಓಡಿಸುವ ಆಸೆ ಇದ್ದರೆ ನಾನಂತೂ ಎಸ್‌ಯು ಅನ್ನುತ್ತೇನೆ.

ಕೆಲಸ ಎಲ್ಲಿಂದ ಶುರು? ಎಲ್ಲರೂ ಕಾರ್ಬುರೇಟರ್‌ನಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಡಿಕ್ಕಿಯಿಂದ. 106 ಪಿಎಸ್‌ಐ ಪಂಪ್ ತೆಗೆಯಿರಿ. ವೆಬರ್‌ಗೆ ಬೇಕಾದದ್ದು ಸುಮಾರು 3 ಪಿಎಸ್‌ಐ. ಮೂರೂವರೆ ದಾಟಿದರೆ ಫ್ಲೋಟಿನ ಸೂಜಿ ತಡೆಯಲಾರದೆ ಪೆಟ್ರೋಲ್ ಉಕ್ಕಿ ಹರಿಯುತ್ತದೆ. ಈ ಎಂಜಿನ್ನಿನಲ್ಲಿ ಗಾಳಿ ಒಳಬರುವುದೂ ಹೊಗೆ ಹೊರಹೋಗುವುದೂ ಒಂದೇ ಬದಿ. ಉಕ್ಕಿದ ಪೆಟ್ರೋಲ್ ಬೀಳುವುದು ನೇರ ಎಕ್ಸಾಸ್ಟ್ ಮೇಲೆ. ಮುಂದೇನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕಡಿಮೆ ಒತ್ತಡದ ಪಂಪ್, ಒಂದು ರೆಗ್ಯುಲೇಟರ್, ಅಪಘಾತದಲ್ಲಿ ಪಂಪ್ ನಿಲ್ಲಿಸುವ ಇನರ್ಶಿಯಾ ಸ್ವಿಚ್, ಕಾರ್ಬಿನ ಕೆಳಗೆ ಶಾಖ ತಡೆಯುವ ತಗಡು, ಕೈಗೆ ಸಿಗುವ ಹಾಗೆ ಒಂದು ಅಗ್ನಿಶಾಮಕ. ಇವಕ್ಕೆ ದುಡ್ಡಿಲ್ಲ ಅಂದರೆ ಕಾರ್ಬಿಗೂ ದುಡ್ಡಿಲ್ಲ ಅಂದುಕೊಳ್ಳಿ.

ಮುಂದೆ ಮೀಟರಿಂಗ್ ಯೂನಿಟ್. ಅದು ಡಿಸ್ಟ್ರಿಬ್ಯೂಟರ್ ಕೂತಿರುವ ಪೀಠಕ್ಕೇ ಅಂಟಿಕೊಂಡು, ಅದೇ ಗೇರಿನಿಂದ ತಿರುಗುತ್ತದೆ. ಬಿಚ್ಚಿದ ಮೇಲೆ ಆ ತೂತು ಮುಚ್ಚಲು ಬ್ಲಾಂಕಿಂಗ್ ಪ್ಲೇಟ್ ಬೇಕು, ಇಲ್ಲವೇ ಕಾರ್ಬುರೇಟರ್ ಎಂಜಿನ್ನಿನ ಪೀಠ ತರಬೇಕು. ಸುಮ್ನೆ ಬಿಟ್ಟರೆ ಆಯಿಲ್ ಸುರಿಯುತ್ತದೆ. ಬ್ರೇಕ್ ತುಳಿಯುವುದನ್ನು ಹಗುರ ಮಾಡುವ ಸರ್ವೋಗೆ ವ್ಯಾಕ್ಯೂಮ್ ಎಲ್ಲಿಂದ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಹೊಸ ಮ್ಯಾನಿಫೋಲ್ಡಿನಲ್ಲಿ ಅದಕ್ಕೊಂದು ಮೊಳೆಯಷ್ಟು ದಾರಿ ಇಲ್ಲದಿದ್ದರೆ ಮೊದಲ ತಿರುವಿನಲ್ಲೇ ಬ್ರೇಕ್ ಕಲ್ಲಾಗಿರುವುದು ಗೊತ್ತಾಗುತ್ತದೆ. ವೆಬರ್‌ಗಳನ್ನು ಮ್ಯಾನಿಫೋಲ್ಡಿಗೆ ಬಿಗಿಯಾಗಿ ಕಟ್ಟಬಾರದು. ನಡುವೆ ರಬ್ಬರ್ ರಿಂಗ್, ನಟ್ಟಿನ ಕೆಳಗೆ ಸ್ಪ್ರಿಂಗ್ ವಾಷರ್ ಇರುತ್ತದೆ. ಕೈಯಿಂದ ಅಲುಗಿಸಿದರೆ ಕಾರ್ಬ್ ಸ್ವಲ್ಪ ಅಲುಗಬೇಕು. ಇಲ್ಲದಿದ್ದರೆ ಎಂಜಿನ್ ನಡುಕಕ್ಕೆ ಫ್ಲೋಟ್ ತೊಟ್ಟಿಯಲ್ಲಿ ಪೆಟ್ರೋಲ್ ನೊರೆಯಾಗುತ್ತದೆ.

ಜೆಟ್ ವಿಷಯ. ಜೆಟ್ ಅಂದರೆ ಪೆಟ್ರೋಲ್ ಅಥವಾ ಗಾಳಿ ಹಾಯುವ ಅಳತೆಯ ತೂತು. ವೆಬರ್ ಪೆಟ್ಟಿಗೆಯಿಂದ ತೆಗೆದು ಹಾಗೇ ಹಾಕಿದರೆ ಓಡುವುದು ಅದೃಷ್ಟ. ಈ ಎಂಜಿನ್ನಿಗೆ 30 ಅಥವಾ 32 ಮಿಲಿಮೀಟರ್ ವೆಂಚುರಿ (ಕಾರ್ಬಿನ ಗಂಟಲಿನ ಇಕ್ಕಟ್ಟು ಭಾಗ). ಹಳಬರ ಒಂದು ಲೆಕ್ಕ ಇದೆ. ವೆಂಚುರಿಯನ್ನು ನಾಲ್ಕರಿಂದ ಗುಣಿಸಿದರೆ ಮೇನ್ ಜೆಟ್, ಅದಕ್ಕೆ ಐವತ್ತು ಸೇರಿಸಿದರೆ ಏರ್ ಜೆಟ್. 30 ಇದ್ದರೆ 120, 170. ಇದು ಶುರುಮಾಡುವ ಜಾಗ ಅಷ್ಟೇ. ಜನ ಮೇನ್ ಜೆಟ್ ಬಗ್ಗೆ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಆದರೆ ರಸ್ತೆಯಲ್ಲಿ ನಾವು ಓಡಿಸುವ ಬಹುಪಾಲು ಹೊತ್ತು ಕಾರು ಐಡಲ್ ಜೆಟ್ಟಿನ ಮೇಲೆ, ಅದರ ಪಕ್ಕದ ಪ್ರೋಗ್ರೆಶನ್ ತೂತುಗಳ ಮೇಲೆ ಓಡುತ್ತಿರುತ್ತದೆ. ಸುಮಾರು 2000 ಆರ್‌ಪಿಎಂ ಹತ್ತಿರ ಎಂಜಿನ್ ಒಂದು ಕ್ಷಣ ಮುಗ್ಗರಿಸಿದರೆ ಐಡಲ್ ಜೆಟ್ ನೋಡಿ. ಈಗ ಎಕ್ಸಾಸ್ಟಿಗೆ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ಮಿಶ್ರಣವನ್ನು ಅಂಕಿಯಲ್ಲೇ ಓದಬಹುದು. ಅದನ್ನು ಬಳಸಿ. ಕಿವಿಯಿಂದಲೇ ಎಲ್ಲ ಮಾಡುತ್ತೇನೆ ಅನ್ನುವ ಉಸ್ತಾದರಲ್ಲಿ ನಿಜವಾದ ಉಸ್ತಾದರು ಬಹಳ ಕಡಿಮೆ.

ಸಿಗುವುದೇನು? ಚೆನ್ನಾಗಿರುವ ಇಂಜೆಕ್ಷನ್ ಮತ್ತು ಚೆನ್ನಾಗಿ ಟ್ಯೂನ್ ಮಾಡಿದ ಮೂರು ವೆಬರ್, ಶಕ್ತಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಎರಡರಲ್ಲೂ ಆರು ಬೇರೆ ಬೇರೆ ಥ್ರಾಟಲ್. ಹಾಳಾದ ಇಂಜೆಕ್ಷನ್ ಜೊತೆ ಹೊಸ ವೆಬರ್ ಹೋಲಿಸಿ "ಪಿಕಪ್ ಎಷ್ಟು ಬಂತು ನೋಡಿ" ಅನ್ನುವುದು ಮೋಸದ ಹೋಲಿಕೆ. ಕಳೆದುಕೊಳ್ಳುವುದು ಬೆಲೆ. ಕೊಳ್ಳುವವರು ಈಗ ಚಾಸಿಸ್ ನಂಬರ್ ನೋಡುತ್ತಾರೆ. ಸಿಪಿ ಅಥವಾ ಸಿಆರ್ ಅಂತ ಶುರುವಾದರೆ ಅದು ಇಂಜೆಕ್ಷನ್ ಕಾರಾಗಿ ಹುಟ್ಟಿದ್ದು. ಅಮೆರಿಕದವು ಸಿಸಿ, ಸಿಎಫ್. ಸಿಪಿ ಕಾರಿನ ಬಾನೆಟ್ ಎತ್ತಿದಾಗ ಕಾರ್ಬುರೇಟರ್ ಕಂಡರೆ ಚೌಕಾಸಿ ಅಲ್ಲಿಂದಲೇ ಶುರು. ಅಂದು ಬಿಚ್ಚಿದ ಎಷ್ಟೋ ಕಾರುಗಳಿಗೆ ಇವತ್ತು ದುಬಾರಿ ಬೆಲೆ ಕೊಟ್ಟು ಮತ್ತೆ ಇಂಜೆಕ್ಷನ್ ಹಾಕಿಸುತ್ತಿದ್ದಾರೆ.

ಇನ್ನು ಪ್ರಶ್ನೆಗಳು.

ಒಬ್ಬರು ಪೋರ್ಷೆ 911 ಬಗ್ಗೆ ಕೇಳಿದರು. 1974ರಿಂದ 77ರವರೆಗಿನ 2.7 ಲೀಟರ್ ಕಾರುಗಳಲ್ಲಿ ಹೆಚ್ಚಿನವಕ್ಕೆ ಬಾಷ್ ಕೆ-ಜೆಟ್ರಾನಿಕ್ ಎನ್ನುವ ಇಂಜೆಕ್ಷನ್ ಇರುತ್ತದೆ. ಅಲ್ಲಿ ಕಥೆ ಬೇರೆ. ಒಂದೇ ಬಾಗಿಲಿನಿಂದ ಗಾಳಿ ಬರುತ್ತದೆ, ಆ ಗಾಳಿ ಒಂದು ತಟ್ಟೆಯನ್ನು ಎತ್ತುತ್ತದೆ, ತಟ್ಟೆ ಎದ್ದಷ್ಟು ಪೆಟ್ರೋಲ್. ಇದು ನಿಜಕ್ಕೂ ಗಾಳಿಯನ್ನು ಅಳೆಯುವ ವ್ಯವಸ್ಥೆ, ನಂಬಿಕಸ್ಥ ಕೂಡ. ಆದರೆ ಜೋರು ಕ್ಯಾಮ್ ಹಾಕಿದರೆ ಗಾಳಿ ಹಿಂದೆ ಮುಂದೆ ಹೊಯ್ದಾಡಿ ತಟ್ಟೆ ಕುಣಿಯುತ್ತದೆ, ಲೆಕ್ಕ ಕೆಡುತ್ತದೆ. ಬ್ಯಾಕ್‌ಫೈರ್ ಆದರೆ ಪ್ಲಾಸ್ಟಿಕ್ ಏರ್‌ಬಾಕ್ಸ್ ಒಡೆಯುತ್ತದೆ. ಅದಕ್ಕೆ ಒತ್ತಡ ಏರಿದಾಗ ತೆರೆದುಕೊಳ್ಳುವ ಚಿಕ್ಕದೊಂದು ಪಾಪ್-ಆಫ್ ವಾಲ್ವ್ ಹಾಕಿದರೆ ಸಾಕು, ಅಷ್ಟಕ್ಕೇ ಇಂಜೆಕ್ಷನ್ ಬಿಚ್ಚಬೇಕಿಲ್ಲ. ಕ್ಯಾಮ್ ಬದಲಾಯಿಸುವವರಿಗೆ ಮಾತ್ರ ವೆಬರ್ ಅರ್ಥಪೂರ್ಣ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರಿಗೆ ಒಂದು ಮಾತು: ಅಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಕಾರುಗಳಿಗೆ ಮಾತ್ರ ಹೊಗೆ ಪರೀಕ್ಷೆಯಿಂದ ವಿನಾಯಿತಿ. 76ರ ಕಾರಿಗೆ ಕಾರ್ಬುರೇಟರ್ ಹಾಕಿದರೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ.

ಇನ್ನೊಬ್ಬರು, ಎರಡೂ ಬೇಡ, ಹೊಸ ಕಾಲದ ಕಂಪ್ಯೂಟರ್ ಇಂಜೆಕ್ಷನ್ ಹಾಕಿದರೆ ಹೇಗೆ ಅಂತ ಕೇಳಿದರು. ಓಡಿಸುವುದಕ್ಕೆ ಅದೇ ಎಲ್ಲಕ್ಕಿಂತ ಉತ್ತಮ. ಟಿಆರ್6 ಹಳೆ ಥ್ರಾಟಲ್‌ಗಳನ್ನೇ ಇಟ್ಟುಕೊಂಡು ಅದರಲ್ಲೇ ಎಲೆಕ್ಟ್ರಾನಿಕ್ ಇಂಜೆಕ್ಟರ್ ಕೂರಿಸಿದವರೂ ಇದ್ದಾರೆ. ಬಾನೆಟ್ ಎತ್ತಿದರೆ ಹೊರಗಿನವರಿಗೆ ಗೊತ್ತೂ ಆಗುವುದಿಲ್ಲ. ಖರ್ಚು ಮತ್ತು ಲ್ಯಾಪ್‌ಟಾಪ್ ಎರಡೂ ಇರಬೇಕು.

ಕೊನೆಯ ಪ್ರಶ್ನೆ, ಬಿಚ್ಚಿದ ಇಂಜೆಕ್ಷನ್ ಸಾಮಾನು ಏನು ಮಾಡಬೇಕು ಅಂತ. ಗುಜರಿಗೆ ಹಾಕಬೇಡಿ. ಮೀಟರಿಂಗ್ ಯೂನಿಟ್ಟಿನ ಪೆಟ್ರೋಲ್ ಪೂರ್ತಿ ಬಸಿದು, ತೆಳು ಎಣ್ಣೆ ತುಂಬಿ, ಆರೂ ಬಾಯಿ ಮತ್ತು ಒಳಬರುವ ದಾರಿಗೆ ಮುಚ್ಚಳ ಹಾಕಿ. ಪೆಟ್ರೋಲ್ ಒಳಗೇ ಬಿಟ್ಟರೆ ಅದು ಒಣಗಿ ಅಂಟಾಗಿ ಶಟಲ್ ಕಚ್ಚಿಕೊಳ್ಳುತ್ತದೆ. ಇಂಜೆಕ್ಟರ್‌ಗಳಿಗೆ ಸಿಲಿಂಡರ್ ನಂಬರ್ ಬರೆದು ಬೇರೆ ಬೇರೆ ಪೊಟ್ಟಣ ಮಾಡಿ. ಥ್ರಾಟಲ್‌ಗಳನ್ನು ಲಿಂಕೇಜ್ ಸಮೇತ, ಬಿಚ್ಚದೆ ಒಂದೇ ಪೆಟ್ಟಿಗೆಯಲ್ಲಿ ಇಡಿ. ಪೈಪುಗಳನ್ನು ಮಡಚದೆ ಸುರುಳಿ ಸುತ್ತಿಡಿ. ಕಾರು ಮಾರುವ ದಿನ ಆ ಪೆಟ್ಟಿಗೆಯನ್ನೂ ಕಾರಿನ ಜೊತೆಗೇ ಕೊಡಿ. ಅದಕ್ಕೆ ಬೇರೆ ಬೆಲೆ ಕೇಳಬಹುದು, ಕೊಡುತ್ತಾರೆ.